ಕಾಲರ್ ಟೀ ಶರ್ಟ್ ಮೊದಲು ಯಾರದ್ದು?

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಟ್ರ್ಯಾಕ್ ಪ್ಯಾಂಟು, ಕಾಲರ್ ಟೀ ಶರ್ಟು ಸಾಲಾಗಿ ನೇತಾಡುವುದು ಕಾಣುತ್ತದೆ. ಕೊಳ್ಳುವವರೆಲ್ಲ ಆಟ ಆಡುವವರೇನಲ್ಲ. ಸಂತೆಗೆ, ಟ್ಯೂಷನ್ನಿಗೆ, ರಾತ್ರಿ ಬಸ್ಸಿಗೆ, ಎಲ್ಲದಕ್ಕೂ ಈಗ ಇದೇ ಬಟ್ಟೆ.

ಅದರಲ್ಲೂ ಕಾಲರ್ ಟೀ ಶರ್ಟಿನ ಹುಟ್ಟು ನನಗೆ ತುಂಬಾ ಇಷ್ಟ. ಹಿಂದೆ ಟೆನಿಸ್ ಆಡುವ ಗಂಡಸರು ಉದ್ದ ತೋಳಿನ ಬಿಳಿ ಅಂಗಿ ತೊಟ್ಟೇ ಓಡಾಡಬೇಕಿತ್ತು. ಆ ಸೆಕೆ ಊಹಿಸಿ! ಫ್ರಾನ್ಸಿನ ಆಟಗಾರ ರೆನೆ ಲಾಕೋಸ್ಟ್ 1920ರ ದಶಕದಲ್ಲಿ ಗಿಡ್ಡ ತೋಳಿನ, ಹೆಣೆದ ಹತ್ತಿ ಬಟ್ಟೆಯ ಅಂಗಿ ಹಾಕಿಕೊಂಡು ಅಂಗಳಕ್ಕೆ ಇಳಿದರು. 1933ರಲ್ಲಿ ಆಂದ್ರೆ ಗಿಲಿಯೆ ಜೊತೆ ಸೇರಿ ಅದನ್ನು ಮಾರಲು ಕಂಪನಿಯನ್ನೇ ಶುರು ಮಾಡಿದರು. ಎದೆಯ ಮೇಲೆ ಮೊಸಳೆ ಇರುತ್ತಲ್ಲ, ಅದೇ.

ನಿಮ್ಮ ಹತ್ತಿರ ಒಂದಿದ್ದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಗುಳಿಗಳ ಹೆಣಿಗೆ, ಅದರಿಂದಲೇ ಗಾಳಿ ಆಡುತ್ತದೆ. ಕೆಲವದರಲ್ಲಿ ಬೆನ್ನಿನ ಕಡೆಯ ಅಂಚು ಸ್ವಲ್ಪ ಉದ್ದ ಇರುತ್ತದೆ. ಬಗ್ಗಿ ಚೆಂಡು ಹೊಡೆಯುವಾಗ ಅಂಗಿ ಪ್ಯಾಂಟಿನಿಂದ ಹೊರಗೆ ಬರಬಾರದಲ್ವಾ!



ಮದುವೆಗೆ ಟ್ರ್ಯಾಕ್ ಪ್ಯಾಂಟ್ ಹಾಕಿ ಬಂದರೆ ಹಿರಿಯರು ಮುಖ ಸಿಂಡರಿಸುತ್ತಾರೆ, ಅದು ಸರಿ. ಆದರೆ ಏಪ್ರಿಲ್ ಬಿಸಿಲಲ್ಲಿ ಬಸ್ಸಿನಲ್ಲಿ ನಿಂತು ಧಾರವಾಡಕ್ಕೆ ಹೋಗುವವರು ಟೀ ಶರ್ಟ್ ಹಾಕಿದರೆ ಆಫೀಸಿನವರು ಯಾಕೆ ಬೇಡ ಅನ್ನಬೇಕು?