ಈ ಮಳೆಯಲ್ಲಿ ಊರಿಗೆ ಯಾಕೆ ಹೋಗ್ತೀಯ?

ಜುಲೈ ಕೊನೆಗೆ ರಜೆ ಬೇಕು ಅಂದ ಕೂಡಲೇ ಆಫೀಸಿನಲ್ಲಿ ಒಬ್ಬರಾದರೂ ಕೇಳುತ್ತಾರೆ. "ಈ ಮಳೆಯಲ್ಲಿ ಕೊಡಗಿಗಾ? ಅಜ್ಜಿ ಹೋಗಿ ಇಷ್ಟು ವರ್ಷ ಆಯ್ತಲ್ಲ, ಕ್ರಿಸ್‌ಮಸ್‌ಗೆ ಹೋದ್ರಾಗಲ್ವಾ?" ಸ್ವಲ್ಪ ತಿಳಿದವರು, ನಿಮ್ಮ ಕ್ಯಾಥೋಲಿಕರಲ್ಲಿ ಸತ್ತವರ ದಿನ ನವೆಂಬರ್ 2 ಅಲ್ವಾ ಅನ್ನುತ್ತಾರೆ. ಹೌದು. ಅವತ್ತು ಸಮಾಧಿ ತೊಳೆದು ಮೇಣದ ಬತ್ತಿ ಹಚ್ಚುತ್ತೇವೆ. ಆದರೆ ನನ್ನ ಲೆಕ್ಕದಲ್ಲಿ ಅಜ್ಜಿಯ ದಿನಗಳು ಜುಲೈ 26ರಿಂದ ಆಗಸ್ಟ್ 3ರವರೆಗೆ.

ಜುಲೈ 26 ಸಂತ ಅನ್ನಮ್ಮನ ದಿನ. ಮರಿಯಮ್ಮನ ತಾಯಿ, ಯೇಸುವಿನ ಅಜ್ಜಿ. ವಿರಾಜಪೇಟೆಯ ನಮ್ಮ ಚರ್ಚು ಅವಳ ಹೆಸರಿನದ್ದೇ. ಟಿಪ್ಪು 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟ. 1792ರಲ್ಲಿ ಚರ್ಚು ಶುರುವಾಯಿತು. ನಾವೂ ಅದೇ ಗುಂಪಿನವರು ಅಂತ ಅಜ್ಜಿ ಹೇಳುತ್ತಿದ್ದರು. ಕಾಗದಪತ್ರ ಏನಿಲ್ಲ. "ರಾಜ ಜಾಗ ಕೊಟ್ಟ, ಮಳೆ ವಿಷಯ ಮಾತ್ರ ಬಾಯಿಬಿಡಲಿಲ್ಲ" ಅಂತ ಒದ್ದೆ ಸೌದೆ ಊದುತ್ತಾ ಗೊಣಗುತ್ತಿದ್ದರು.

ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಅನ್ನಮ್ಮನ ಹೆಸರು ಎಲ್ಲೂ ಬರುವುದಿಲ್ಲ. ಕಾಲೇಜಿಗೆ ಹೋದ ಮೇಲೆ ನನಗಿದು ಗೊತ್ತಾಗಿ, ಭಾರೀ ಸುದ್ದಿ ತಂದವನ ಹಾಗೆ ಅಜ್ಜಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವರು ತಲೆ ಎತ್ತಲಿಲ್ಲ. "ಮನೆ ಕೆಲಸ ಮಾಡೋರ ಹೆಸರು ಯಾರು ಬರೀತಾರೆ?"

ಅಜ್ಜ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದರು. ಅವರು ತೀರಿಕೊಂಡಾಗ ಅಮ್ಮನಿಗೆ ಒಂಬತ್ತು ವರ್ಷ, ಅವಳ ಕೆಳಗೆ ಇನ್ನೂ ಮೂವರು. ತೋಟದ ಮನೆ ಬಿಡಬೇಕಾಯಿತು. ಒಂದು ಹೊಲಿಗೆ ಮಿಷನ್ನು, ಎರಡು ಹಂದಿಮರಿ ಇಟ್ಟುಕೊಂಡು ಅಜ್ಜಿ ನಾಲ್ವರನ್ನೂ ಓದಿಸಿದರು. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸರಿಗೂ ಸಾಹುಕಾರರ ಮನೆಯವರಿಗೂ ರವಿಕೆ ಹೊಲಿದರು. ಊರಿಗೆಲ್ಲ ಟೈಲರಮ್ಮ. ಸಂತಳೇನೂ ಅಲ್ಲ ಬಿಡಿ, ಜಗಳಗಂಟಿ. ಬಾಕಿ ಉಳಿಸಿಕೊಂಡವರ ರವಿಕೆಗೆ ಬೇಕಂತಲೇ ತೋಳು ಬಿಗಿ ಮಾಡುತ್ತಿದ್ದರು. ಅದನ್ನು ಪಾದ್ರಿಗಳ ಹತ್ತಿರ ಪಾಪನಿವೇದನೆಯಲ್ಲಿ ಹೇಳುತ್ತಿದ್ದರೋ ಇಲ್ಲವೋ!

ಮಿಷನ್ನಿನ ಡ್ರಾಯರ್‌ನಲ್ಲಿ ಬಾಬಿನ್‌ಗಳ ಮಧ್ಯೆ ಅವರ ಜಪಮಾಲೆ ಇರುತ್ತಿತ್ತು. ಜಪಮಾಲೆಯಲ್ಲಿ ಹತ್ತು ಹತ್ತು ಮಣಿಗಳ ಗುಂಪು. ನಾಲ್ಕನೇ ಹತ್ತರಲ್ಲಿ ಒಂದು ಮಣಿ ಒಡೆದು, ಅಲ್ಲಿ ಬಿಳಿ ಅಂಗಿ ಗುಂಡಿ ಕಟ್ಟಿದ್ದರು. ಸಂಜೆ ಏಳಕ್ಕೆ ಕೊಂಕಣಿಯಲ್ಲಿ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ. ಅಜ್ಜಿಗೆ ಎರಡನೇ ಹತ್ತಕ್ಕೇ ತೂಕಡಿಕೆ. ಬಾಯಿ ಮಾತ್ರ "ನಮಾನ್ ಮರಿಯೆ" ಅನ್ನುತ್ತಲೇ ಇರುತ್ತಿತ್ತು. ಬೆರಳಿಗೆ ಗುಂಡಿ ತಾಗಿದಾಗ ಎಚ್ಚರ. ಆಮೇಲೆ ಸತ್ತವರ ಪಟ್ಟಿ. ಅಜ್ಜ, ಅಜ್ಜಿಯ ತಂಗಿ, ತೋಟದ ಲಾರಿ ಡ್ರೈವರ್, ಆನೆ ತುಳಿದ ಕಾವಲಿನವನು, ಪಕ್ಕದ ಕೊಡವರ ಮನೆಯ ಯಜಮಾನರು. ಅನ್ನ ಆರುತ್ತಿತ್ತು, ಪಟ್ಟಿ ಮುಗಿಯುತ್ತಿರಲಿಲ್ಲ. ಅವರೆಲ್ಲ ನಮ್ಮವರಲ್ಲವಲ್ಲ ಅಂತ ಒಮ್ಮೆ ಗೊಣಗಿದೆ. "ಕೊಡವರು ಕಾರೋಣರಿಗೆ, ಅಂದ್ರೆ ಹಿರಿಯರಿಗೆ, ಎಡೆ ಇಡ್ತಾರೆ. ನಾವು ಹೆಸರಾದ್ರೂ ಹೇಳ್ಬೇಡ್ವಾ?" ಅಂದರು.

ಇನ್ನು ಆಗಸ್ಟ್ 3, ಅಂದರೆ ಕೊಡವರ ಮಳೆಗಾಲದ ತಿಂಗಳು ಕಕ್ಕಡದ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅಂತ ಕೊಡಗಿನಲ್ಲಿ ನಂಬಿಕೆ. ಪಕ್ಕದ ಮನೆಯ ಅಕ್ಕ ಬೇಲಿ ಮೇಲಿಂದ ಒಂದು ಕಟ್ಟು ಕೊಡುತ್ತಿದ್ದರು. ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ. ಮದ್ದಿನ ವಾಸನೆ ಮನೆ ತುಂಬ. ಆಮೇಲೆ ಉಚ್ಚೆ ಕೆಂಪಗೆ ಹೋಗುತ್ತದೆ. ನನಗೆ ಮೊದಲ ಸಲ ಹಾಗಾದಾಗ ಸತ್ತೇ ಹೋಗುತ್ತೇನೆ ಅಂತ ಅತ್ತಿದ್ದೆ. ಅಜ್ಜಿ ನಕ್ಕು ನಕ್ಕು ಮಿಷನ್ ನಿಲ್ಲಿಸಿದ್ದರು.

ಅಜ್ಜಿ 2019ರಲ್ಲಿ ಹೋದರು. 2021ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈನ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ದಿನ ಅಂತ ಶುರುಮಾಡಿದರು. ಅಜ್ಜಿ ಇದ್ದಿದ್ದರೆ, ಇಷ್ಟು ದಿನ ಏನ್ ಮಾಡ್ತಿದ್ರಂತೆ ಅಂತ ಕೇಳುತ್ತಿದ್ದರು, ಗ್ಯಾರಂಟಿ.

ಈಗ ಪಟ್ಟಿ ಹೇಳುವ ಪಾಳಿ ನನ್ನದು. 26ರಂದು ಚರ್ಚಿನಲ್ಲಿ ಅಜ್ಜಿಯ ಹೆಸರಿನಲ್ಲಿ ಪೂಜೆ, ಸಂಜೆ ಅಮ್ಮನ ಜೊತೆ ತೇರ್ಸ್. ಒಂದೆರಡು ಹೆಸರು ಮರೆತರೆ ಅಮ್ಮ ಮೊಣಕೈಯಲ್ಲಿ ತಿವಿಯುತ್ತಾಳೆ.

ಹೋದ ವರ್ಷ ಬೇಲಿ ಹತ್ತಿರ ಅಕ್ಕ ಕೊಡೆ ಹಿಡಿದು ನಿಂತಿದ್ದರು. ಕೈಯಲ್ಲಿ ಎರಡು ಕಟ್ಟು ಮದ್ದು ಸೊಪ್ಪು. ನಾವಿಬ್ಬರೇ ಅಲ್ವಾ ಅಕ್ಕ, ಒಂದು ಸಾಕು ಅಂದೆ.

"ಇದು ಟೈಲರಮ್ಮಂದು" ಅಂತ ಎರಡನೆಯದನ್ನೂ ಕೈಗಿಟ್ಟರು.