ಡ್ಯಾಂ ಎಷ್ಟಾಯ್ತು?

ಜುಲೈ ಕೊನೆಯ ವಾರ. ಶಿವಮೊಗ್ಗ ಬಿಡುವಾಗ ಬರೀ ಹನಿ, ಭದ್ರಾವತಿ ದಾಟುವಷ್ಟರಲ್ಲಿ ಜಡಿಮಳೆ. ಬಸ್ಸಿನ ಕಿಟಕಿ ಸಂದಿಯಿಂದ ನೀರು ಸರಿಯಾಗಿ ನನ್ನ ಮೊಣಕಾಲಿಗೇ ಇಳಿಯುತ್ತಿತ್ತು. ಪಕ್ಕದಲ್ಲಿ ಮಾವ, ಓದಿದ ಜಾಗ ನೋಡುವ ಖುಷಿಯಲ್ಲಿ. ಕಂಡಕ್ಟರ್ ‘ಶಂಕರಘಟ್ಟ’ ಅಂದರೂ ಇವರ ಬಾಯಲ್ಲಿ ಅದು ಈಗಲೂ ಬಿ.ಆರ್. ಪ್ರಾಜೆಕ್ಟೇ, ಅಂದರೆ ಭದ್ರಾ ರಿವರ್ ಪ್ರಾಜೆಕ್ಟ್.

ಕುವೆಂಪು ವಿಶ್ವವಿದ್ಯಾಲಯ ಶುರುವಾಗಿದ್ದು 1987ರಲ್ಲಿ. ಅದಕ್ಕೂ ಮುಂಚೆ ಇಲ್ಲಿ, ಭದ್ರಾ ಅಣೆಕಟ್ಟಿನ ಮಗ್ಗುಲಲ್ಲಿ, ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಿತ್ತು. ಮಾವ ಆ ಕಾಲದವರು. “ಮಾರ್ಕ್ಸ್ ಕಾರ್ಡಲ್ಲಿ ಮೈಸೂರು. ಆ ಊರು ನೋಡಿದ್ದು ಮಾತ್ರ ಮದುವೆ ಆದಮೇಲೆ ಮಾರಾಯ!” ಮೈಸೂರಿನ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು. ಇಲ್ಲಿ ಅವರ ಹೆಸರೇ ವಿವಿಗೆ, ಕ್ಯಾಂಪಸ್ಸು ಜ್ಞಾನಸಹ್ಯಾದ್ರಿ.

ಡಿಪಾರ್ಟ್‌ಮೆಂಟು, ಲೈಬ್ರರಿ ಎಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ಮಾವ ಹುಡುಕುತ್ತಿದ್ದದ್ದು ಒಂದು ಟೀ ಅಂಗಡಿಯನ್ನ. ಮಳೆಗಾಲದ ಸಂಜೆ ಹಾಸ್ಟೆಲಿನವರೆಲ್ಲ ಅಲ್ಲಿ ಸೇರುತ್ತಿದ್ದರಂತೆ. ನಾಳೆಯ ಪೇಪರಿನಲ್ಲಿ ಡ್ಯಾಂ ಎಷ್ಟು ಅಡಿ ಅಂತ ಬರುತ್ತೆ, ಅದರ ಮೇಲೆ ಬಾಜಿ. ಜಾಸ್ತಿ ತಪ್ಪಿದವನು ಎಲ್ಲರ ಟೀ ದುಡ್ಡು ಕೊಡಬೇಕು. ಡ್ಯಾಂ ತುಂಬುವುದು 186 ಅಡಿಗೆ. ಗೇಟ್ ತೆಗೆದರು ಅಂತ ಸುದ್ದಿ ಬಂದರೆ ಮುಗೀತು, ಕ್ಲಾಸು ಖಾಲಿ, ಮೇಷ್ಟ್ರೂ ಹುಡುಗರ ಹಿಂದೆಯೇ. ಯಾರೂ ಬರೆದಿಟ್ಟ ಸಂಪ್ರದಾಯವಲ್ಲ. ಆದರೆ ಘಟಿಕೋತ್ಸವಕ್ಕಿಂತ ಇದೇ ಅವರಿಗೆ ಚೆನ್ನಾಗಿ ನೆನಪಿದೆ.

ಆ ಅಂಗಡಿ ಸಿಗಲಿಲ್ಲ. ಬೇರೊಂದು ಸಿಕ್ಕಿತು. ತಗಡಿನ ಮಾಡಿನ ಕೆಳಗೆ ಮೂವರು ಹುಡುಗರು, ಶರ್ಟಿನ ಕಾಲರಿಗೆ ಹಿಂದಿನಿಂದ ಕೊಡೆ ನೇತುಹಾಕಿಕೊಂಡು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಕೊಡೆ ತುದಿಯಿಂದ ನೀರು ಅವರವರ ಹಿಮ್ಮಡಿಗೇ ತೊಟ್ಟಿಕ್ಕುತ್ತಿತ್ತು. ಯಾರಿಗೂ ಪರಿವೆಯಿಲ್ಲ.

“ಡ್ಯಾಂ ಎಷ್ಟಾಗಿರಬಹುದು?” ಮಾವ ಸುಮ್ನೆ ಕೇಳಿದಂತೆ ಕೇಳಿದರು. ಉತ್ತರ ಬರುವ ಮೊದಲೇ ತಾವೇ, “ನೂರಾ ಅರವತ್ತೈದು” ಅಂದರು.

“ನೂರಾ ಎಪ್ಪತ್ತೆರಡು, ಸರ್.” ಹುಡುಗ ಮೊಬೈಲನ್ನೂ ತೆಗೆಯಲಿಲ್ಲ. ದಾವಣಗೆರೆ ಕಡೆಯವನು, ಮನೆಯ ಗದ್ದೆಗೆ ಭದ್ರಾ ನಾಲೆಯ ನೀರು. “ನಮ್ಮಪ್ಪ ದಿನಾ ಫೋನ್ ಮಾಡಿ ಇದನ್ನೇ ಕೇಳೋದು. ಓದಿನ ವಿಷಯ ಕೇಳಿದ್ದು ನೆನಪೇ ಇಲ್ಲ.”

ಏಳು ಅಡಿ ತಪ್ಪು. ಮಾವ ಒದ್ದೆ ಜೇಬಿಗೆ ಕೈ ಹಾಕಿ, ಅಂಗಡಿಯವನಿಗೆ ಐದು ಟೀ ಹೇಳಿದರು.