ಅಂಗಡಿಯ ಹಾಳೆ, ಬೆಟ್ಟದ ಸೊಪ್ಪು

ಯಾನಿನಾ, ವಾಯವ್ಯ ಗ್ರೀಸ್, ಶನಿವಾರ, 8 ಮಾರ್ಚ್ 2025

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಸೋಮವಾರ ಆರಂಭವಾಗಿದೆ. ಮೇಲಿನ ಮನೆಯ ಯಾಯಾ (ಗ್ರೀಕಿನಲ್ಲಿ ಅಜ್ಜಿ) ಇನ್ನು ಏಪ್ರಿಲ್ 20ರವರೆಗೆ ಹಾಲು, ಚೀಸ್, ಮೊಟ್ಟೆ, ಮಾಂಸಗಳನ್ನು ಮುಟ್ಟುವುದಿಲ್ಲ. ಅವರದು ಹಳೆಯ ಕಟ್ಟುನಿಟ್ಟಾದ್ದರಿಂದ ವಾರದ ಐದು ದಿನ ಎಣ್ಣೆಯನ್ನೂ ಬಿಡುತ್ತಾರೆ. ಎಣ್ಣೆಗೆ ಅವಕಾಶವಿರುವುದು ಶನಿವಾರ ಮತ್ತು ಭಾನುವಾರ ಮಾತ್ರ. ಹೀಗಾಗಿ ತೆಳು ಹಿಟ್ಟಿನ ಹಾಳೆಗಳ ನಡುವೆ ಸೊಪ್ಪು ತುಂಬಿ ಒಲೆಯಲ್ಲಿ ಬೇಯಿಸುವ ಪಿಟಾ, ಅಂದರೆ ಇಲ್ಲಿಯವರು ಹೋರ್ತೋಪಿಟಾ ಎನ್ನುವುದು, ಶನಿವಾರವೇ ಆಗಬೇಕೆಂದು ಅವರು ಮೊನ್ನೆಯೇ ತೀರ್ಮಾನಿಸಿ, ಮೆಟ್ಟಿಲ ಮೇಲಿನಿಂದಲೇ ನನಗೆ ಕೂಗಿ ಹೇಳಿದ್ದರು. ಸೊಪ್ಪು ತರುವುದು ನನ್ನ ಕೆಲಸ, ಒಲೆ ಅವರದು.

ಬೆಳಿಗ್ಗೆ ಹಳ್ಳಿಯ ಹೆಂಗಸರು ಚೀಲಗಳಲ್ಲಿ ತಂದು ಮಾರುತ್ತಿದ್ದ ಸೊಪ್ಪುಗಳಲ್ಲಿ ಪಾಲಕ್ ಇತ್ತು, ಎಳೆಯ ತುರಚಿ ಇತ್ತು, ನಮ್ಮ ಚುಕ್ಕೆ ಸೊಪ್ಪಿನ ಜಾತಿಯ ಹುಳಿ ಲಾಪಥಾ ಇತ್ತು, ಇನ್ನೂ ಹೂ ಬಿಡದ ಕಾಡು ಗಸಗಸೆಯ ಎಲೆಗಳಿದ್ದವು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಂಡೆ. ಇವುಗಳ ಜೊತೆಗೆ ಈರುಳ್ಳಿ ಸೊಪ್ಪು, ಅದೇ ಜಾತಿಯ ದಪ್ಪ ಕಾಂಡದ ಲೀಕ್, ಮತ್ತು ಒಂದು ದೊಡ್ಡ ಕಟ್ಟು ಸಬ್ಬಸಿಗೆ. ಈ ಊರಿನಲ್ಲಿ ನನಗೆ ಪರಿಚಯ ಮಾಡಿಸಿಕೊಳ್ಳುವ ಅಗತ್ಯವೇ ಬೀಳದ ವಸ್ತುವೆಂದರೆ ಸಬ್ಬಸಿಗೆ ಸೊಪ್ಪೊಂದೇ. ಅದನ್ನು ಅಕ್ಕಿರೊಟ್ಟಿಗೂ ಬೇಳೆಗೂ ಹಾಕುವ ಮನೆಯಿಂದ ಬಂದವಳಿಗೆ ಇಲ್ಲಿಯ ಅಡುಗೆಮನೆಯ ವಾಸನೆ ಅರ್ಧ ಗೊತ್ತಿದ್ದದ್ದೇ ಆಗಿತ್ತು.

ಯಾಯಾ ಆಗಷ್ಟೇ ಚರ್ಚಿನಿಂದ ಬಂದು, ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯ ಕೋಲಿವಾ ಪೊಟ್ಟಣವನ್ನು ಮೇಜಿನ ಮೇಲಿಟ್ಟಿದ್ದರು. ಅದರ ಪಕ್ಕದಲ್ಲಿ ಫಿಲೊ ಎನ್ನುವ, ಪಿಟಾಗೆ ಬೇಕಾದ ಹಿಟ್ಟಿನ ಹಾಳೆಯ ಅಂಗಡಿಯ ಪೆಟ್ಟಿಗೆ. ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಕರಗಿ, ಈಗ ಹೊರಗೆ ಬಂದು ಕೋಣೆಯ ಬಿಸಿಗೆ ಹೊಂದಿಕೊಳ್ಳುತ್ತಿತ್ತು. ನಾನು ಬಹಳ ದಿನಗಳಿಂದ ಕೇಳಬೇಕೆಂದಿದ್ದದ್ದನ್ನು ಆಗಲೇ ಕೇಳಿದೆ.

“ಯಾಯಾ, ಹಾಳೆಯನ್ನು ಕೈಯಲ್ಲಿ ಲಟ್ಟಿಸುವುದನ್ನು ನನಗೆ ಕಲಿಸಿಕೊಡುತ್ತೀರಾ?”

“ಏಕೆ, ಕೋರಿ ಮು, ನನ್ನ ಮಗಳೇ? ಅಂಗಡಿಗಳು ಮುಚ್ಚಿವೆಯೇ?”

ನಾನು ನಕ್ಕೆ. ಅವರು ನಗಲಿಲ್ಲ. ಕೆಲಸವನ್ನು ನಿಲ್ಲಿಸದೆ, ಪಾಲಕ್ ಹೆಚ್ಚುತ್ತಲೇ, ತಮ್ಮ ಮದುವೆಯ ಮೊದಲ ವರ್ಷದ ಕಥೆಯನ್ನು ಹೇಳಿದರು. ಜಗೋರಿಯ ಬೆಟ್ಟದ ಹಳ್ಳಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಸೊಸೆಯಾಗಿ ಹೋದವರು ಅವರು. ಮೊದಲ ಭಾನುವಾರ ಅತ್ತೆ, ಗಂಡನ ಸೋದರತ್ತೆಯಂದಿರನ್ನೆಲ್ಲ ಕೂರಿಸಿಕೊಂಡು, ಅವರೆದುರಿಗೆ ಹಾಳೆ ಲಟ್ಟಿಸಲು ಹೇಳಿದರಂತೆ. ಹಿಟ್ಟಿಗೆ ಉಪ್ಪು, ಒಂದಿಷ್ಟು ಎಣ್ಣೆ, ಒಂದು ಚಮಚ ವಿನೆಗರ್, ಬೆಚ್ಚಗಿನ ನೀರು. ಚೆನ್ನಾಗಿ ನಾದಿ, ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಬೇಕು. ವಿನೆಗರ್ ಬಿದ್ದ ಹಿಟ್ಟು ಲಟ್ಟಿಸುವಾಗ ಹಿಂದಕ್ಕೆ ಜಗ್ಗುವುದು ಕಡಿಮೆ. ಆಮೇಲೆ ಪ್ಲಾಸ್ತಿಸ್ ಎಂಬ ಉದ್ದನೆಯ ತೆಳು ಕೋಲಿಗೆ ಉಂಡೆಯನ್ನು ಸುತ್ತಿ, ಎರಡೂ ಅಂಗೈಗಳಿಂದ ಮಧ್ಯದಿಂದ ಅಂಚಿಗೆ ಒತ್ತುತ್ತಾ ಉರುಳಿಸಿ, ಬಿಚ್ಚಿ, ಹಿಟ್ಟು ಉದುರಿಸಿ, ಕಾಲು ಸುತ್ತು ತಿರುಗಿಸಿ ಮತ್ತೆ ಸುತ್ತಬೇಕು. ಹಾಳೆ ಮೇಜಿನಷ್ಟು ಅಗಲವಾಗುತ್ತದೆ.

“ನನ್ನ ಅತ್ತೆ ಪ್ರತಿ ಹಾಳೆಯನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು,” ಎಂದರು ಯಾಯಾ. “ಆಚೆ ಬದಿಯಿಂದ ಅವರ ಬೆರಳುಗಳು ಕಾಣಬೇಕು. ಕಾಣದಿದ್ದರೆ ಏನೂ ಹೇಳುತ್ತಿರಲಿಲ್ಲ. ಹಾಳೆಯನ್ನು ಮುದ್ದೆ ಮಾಡಿ ನನ್ನ ಮುಂದೆ ಇಡುತ್ತಿದ್ದರು.”

“ಕೊನೆಗೆ ಚೆನ್ನಾಗಿ ಬಂತೇ?”

“ಬಂತು. ಊರಿನಲ್ಲೇ ನನ್ನ ಹಾಳೆ ತೆಳು ಎಂದು ಹೆಸರಾಯಿತು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಲಟ್ಟಿಸಿ, ಬೆಂಕಿಯ ಮೇಲೆ ಇಟ್ಟು, ಕುರಿಯ ಹಿಂದೆ ಹೋಗುವವರಿಗೆ ಕಟ್ಟಿ ಕೊಡುತ್ತಿದ್ದೆ. ಅದನ್ನು ಬಿಸಿಯಾಗಿ ತಿಂದ ನೆನಪು ಮಾತ್ರ ನನಗಿಲ್ಲ.”

ಇದನ್ನು ಅವರು ದೂರಿನಂತೆ ಹೇಳಲಿಲ್ಲ. ದೂರಿನಂತೆ ಹೇಳಿದ್ದರೆ ನನಗೆ ಸಮಾಧಾನ ಹೇಳಲು ಏನಾದರೂ ಸಿಗುತ್ತಿತ್ತು.

1960ರಲ್ಲಿ ಗ್ರೀಸ್ ಮತ್ತು ಪಶ್ಚಿಮ ಜರ್ಮನಿ ಕಾರ್ಮಿಕರ ಒಪ್ಪಂದ ಮಾಡಿಕೊಂಡ ನಂತರ ಈ ಬೆಟ್ಟಗಳಿಂದ ಸಾಲುಸಾಲಾಗಿ ಜನ ಹೊರಟಿದ್ದರಲ್ಲ, ಯಾಯಾ ಅವರ ಗಂಡನೂ ಹೊರಟವರಲ್ಲಿ ಒಬ್ಬರು. ಅವರು ಕಳಿಸಿದ ಹಣದಲ್ಲಿ ಯಾನಿನಾದಲ್ಲಿ ಮನೆಯಾಯಿತು, ಅತ್ತೆ ಹಳ್ಳಿಯಲ್ಲೇ ಉಳಿದರು. ಪೇಟೆಗೆ ಬಂದ ಕೆಲವು ವರ್ಷಗಳ ಮೇಲೆ ನೆರೆಯವರೊಬ್ಬರು ಅಂಗಡಿಯ ಹಾಳೆಯ ಪೊಟ್ಟಣವನ್ನು ತೋರಿಸಿದಾಗ ಯಾಯಾ ಅದನ್ನು ಕೊಂಡು ತಂದು, ಸೊಪ್ಪು ತುಂಬಿ, ಬೀದಿಯ ಬೇಕರಿಯವನ ಒಲೆಗೆ ಕಳುಹಿಸಿದರಂತೆ. ಆಗ ಮನೆಯ ತಟ್ಟೆಗಳನ್ನು ಬೇಕರಿಗೆ ಕಳುಹಿಸಿ ಬೇಯಿಸಿಕೊಳ್ಳುವುದು ರೂಢಿ. “ತಟ್ಟೆ ಮರಳಿ ಬರುವವರೆಗೆ ನಾನು ಕುರ್ಚಿಯಲ್ಲಿ ಕುಳಿತಿದ್ದೆ,” ಎಂದರು. “ಏನೂ ಮಾಡದೆ ಕುಳಿತಿದ್ದೆ. ಈಗ ನಿನಗೆ ಕೈಹಾಳೆ ಬೇಕೋ?”

2023ರಲ್ಲಿ ಜಗೋರಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿಯ ಕಲ್ಲಿನ ಸೇತುವೆಗಳನ್ನು ನೋಡಲು ಹೋಗುವವರಿಗೆ ಊಟದ ಮನೆಗಳು ಕೈಯಲ್ಲಿ ಲಟ್ಟಿಸಿದ ಹಾಳೆಯ ಪಿಟಾ ಎಂದು ಹೆಮ್ಮೆಯಿಂದ ಬಡಿಸುತ್ತವೆ, ನಾನೂ ತಿಂದು ಹೊಗಳಿದವಳೇ. ಯಾಯಾ ಅವರಿಗೆ ಇದು ನಗುವಿನ ವಿಷಯ. ಲಟ್ಟಿಸಿದವರಿಗೆ ಸಂಬಳ ಸಿಗುತ್ತದೆಯೇ ಎಂಬುದೊಂದೇ ಅವರ ಪ್ರಶ್ನೆ. (ಇವತ್ತು ಮಹಿಳಾ ದಿನವೆಂದು ನನ್ನ ಫೋನಿಗೆ ಬೆಳಗಿನಿಂದ ಹೂವಿನ ಚಿತ್ರಗಳು ಬರುತ್ತಿವೆ. ಅವರಿಗೆ ತೋರಿಸಲಿಲ್ಲ.)

ಆದರೆ ಅವರ ಪೂರ್ತಿ ವಾದವನ್ನು ನಾನು ಒಪ್ಪುವುದಿಲ್ಲ, ಅದನ್ನು ಅವರಿಗೆ ಹೇಳಿಯೂ ಹೇಳಿದೆ. ಕೈಹಾಳೆಯ ರುಚಿಯೇ ಬೇರೆ. ಅದು ಸ್ವಲ್ಪ ದಪ್ಪ, ಮೇಲೆ ಗುಳ್ಳೆ ಏಳುತ್ತದೆ, ಒಳಗೆ ಸೊಪ್ಪಿನ ರಸವನ್ನು ಕುಡಿದು ಮೆದುವಾಗಿ, ತಿನ್ನುವಾಗ ಹಲ್ಲಿಗೆ ಹಿಟ್ಟು ಸಿಗುತ್ತದೆ. ಸಣ್ಣ ಬಿಲ್ಲೆಗಳ ನಡುವೆ ಬೆಣ್ಣೆ ಸವರಿ, ಒಂದರ ಮೇಲೊಂದಿಟ್ಟು, ಎಲ್ಲವನ್ನೂ ಒಟ್ಟಿಗೆ ಲಟ್ಟಿಸುವ ಇನ್ನೊಂದು ಪದ್ಧತಿಯೂ ಉತ್ತರ ಗ್ರೀಸಿನಲ್ಲಿದೆ. ಅದನ್ನು ನೋಡಿದಾಗ ಅಮ್ಮ ಚಿರೋಟಿಗೆ ಹಾಳೆ ಜೋಡಿಸುತ್ತಿದ್ದದ್ದೇ ಕಣ್ಣಿಗೆ ಕಟ್ಟಿತ್ತು. ಅಂಗಡಿಯ ಹಾಳೆಯಾದರೋ ಹೆಚ್ಚು ತೆಳು, ಜಿಡ್ಡಿಲ್ಲದ್ದು, ಬೆಂದರೆ ಪುಡಿಯಾಗಿ ಸದ್ದು ಮಾಡುತ್ತದೆ. ಅದು ನೀರನ್ನು ತಾಳುವುದಿಲ್ಲ.

ಯಾಯಾ ಇದಕ್ಕೆ ಕೊಟ್ಟ ಉತ್ತರವೇ ಇವತ್ತು ನಾನು ಬರೆಯಲು ಕುಳಿತದ್ದಕ್ಕೆ ಕಾರಣ. “ಹಾಗಾದರೆ ನೀರನ್ನು ಕಲಿ,” ಎಂದರು. “ಹಾಳೆಯನ್ನು ನನ್ನ ಅತ್ತೆ ಕಲಿಸಿದರು. ಸೊಪ್ಪನ್ನು ನನಗೆ ಯಾರೂ ಕಲಿಸಲಿಲ್ಲ, ನಾನೇ ಕಲಿತೆ.”

ಪಾಲಕ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುತ್ತದೆ. ಅದನ್ನು ಹಸಿಯಾಗಿ ತುಂಬಿದರೆ ಒಲೆಯೊಳಗೆ ಬಿಟ್ಟುಕೊಂಡ ನೀರು ಕೆಳಗಿನ ಹಾಳೆಗಳನ್ನು ಅಂಟು ಮಾಡುತ್ತದೆ. ಕೈಹಾಳೆಯ ಕಾಲದಲ್ಲಿ ಇದು ದೊಡ್ಡ ತೊಂದರೆಯಾಗಿರಲಿಲ್ಲ, ದಪ್ಪ ಹಾಳೆ ಆ ನೀರನ್ನು ತಾನೇ ಎಳೆದುಕೊಳ್ಳುತ್ತಿತ್ತು. ಅಂಗಡಿಯ ಹಾಳೆ ಬಂದ ಮೇಲೆ ಹೊಸ ವಿದ್ಯೆ ಬೇಕಾಯಿತು. ಯಾಯಾ ಪ್ರತಿಯೊಂದು ಸೊಪ್ಪನ್ನೂ ಅದರದರ ಸ್ವಭಾವಕ್ಕೆ ತಕ್ಕಂತೆ ನಡೆಸಿಕೊಳ್ಳುತ್ತಾರೆ. ಪಾಲಕ್ ಮತ್ತು ಲಾಪಥಾಗಳನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಕೈಯಲ್ಲಿ ತಿಕ್ಕಿ, ಜರಡಿಯಲ್ಲಿ ಅರ್ಧ ಗಂಟೆ ಬಿಟ್ಟು, ಮುಷ್ಟಿ ಮುಷ್ಟಿಯಾಗಿ ಹಿಂಡುತ್ತಾರೆ. ತುರಚಿಯನ್ನು ಕೈಗವಸು ಹಾಕಿಕೊಂಡು ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಚುಚ್ಚುವ ಗುಣ ಹೋಗುತ್ತದೆ, ಅದನ್ನೂ ಹಿಂಡಬೇಕು. ಲೀಕ್ ಮತ್ತು ಈರುಳ್ಳಿ ಸೊಪ್ಪನ್ನು ಆಲಿವ್ ಎಣ್ಣೆಯಲ್ಲಿ ನೀರು ಆರುವವರೆಗೆ ಬಾಡಿಸುತ್ತಾರೆ. ಗಸಗಸೆಯ ಎಲೆ ಮತ್ತು ಸಬ್ಬಸಿಗೆಯನ್ನು ಮಾತ್ರ ಏನೂ ಮಾಡದೆ ಹಸಿಯಾಗಿ ಕೊನೆಗೆ ಸೇರಿಸುತ್ತಾರೆ, ಏಕೆಂದರೆ ವಾಸನೆ ಅವುಗಳಲ್ಲಿದೆ. ಹಿಂಡಿದ ಹಸಿರು ನೀರನ್ನು ಚೆಲ್ಲದೆ ಒಂದು ಬಟ್ಟಲಿನಲ್ಲಿಟ್ಟರು, ಭಾನುವಾರದ ಸೂಪಿಗಂತೆ.

ಇಷ್ಟಾದರೂ ಉಳಿಯುವ ನೀರಿಗೆಂದು ತಳದಲ್ಲಿ ಒಂದು ಹಿಡಿ ಸಣ್ಣ ರವೆಯನ್ನು ಉದುರಿಸುತ್ತಾರೆ. ಬೇರೆ ಕಾಲದಲ್ಲಾದರೆ ಹುಳಿ ಹಾಲಿನಲ್ಲಿ ನೆನೆಸಿ ಒಣಗಿಸಿದ ಗೋಧಿಯ ತ್ರಾಹನಾ ಹಾಕುತ್ತಿದ್ದರು, ಉಪವಾಸದಲ್ಲಿ ಹಾಲು ನಿಷಿದ್ಧವಾದ್ದರಿಂದ ರವೆ. ಚೀಸ್ ಇಲ್ಲದಿರುವಾಗ ಉಪ್ಪಿನ ಭಾರವನ್ನು ಹೊರುವವರು ಯಾರು ಎಂದು ನಾನು ಕೇಳಿದ್ದಕ್ಕೆ ಲಾಪಥಾದ ಹುಳಿಯನ್ನು ತೋರಿಸಿದರು. ನಿಜ. ಫೆಟಾ ಚೀಸ್ ಇರುವ ಸ್ಪನಕೋಪಿಟಾದಲ್ಲಿ, ಅಂದರೆ ಪಾಲಕ್ ಪಿಟಾದಲ್ಲಿ, ಕಾಣದೆ ಹೋಗುವ ಸೊಪ್ಪಿನ ಕಹಿ, ಹುಳಿ, ಮಣ್ಣಿನ ಸ್ವಾದಗಳು ಈ ಉಪವಾಸದ ಪಿಟಾದಲ್ಲಿ ಒಂದೊಂದೂ ಬೇರೆಯಾಗಿ ತಿಳಿಯುತ್ತವೆ, ಮತ್ತು ನನ್ನ ಮಟ್ಟಿಗೆ ಇದೇ ಮೇಲು.

ಹಾಳೆ ಜೋಡಿಸುವುದು ನನ್ನ ಪಾಲಿಗೆ ಬಂತು. ಪೆಟ್ಟಿಗೆ ಬಿಚ್ಚಿದ ಕೂಡಲೇ ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಹಾಳೆಗಳ ಮೇಲೆ ಮುಚ್ಚಬೇಕು, ಇಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಒಣಗಿ ಬಿರಿಯುತ್ತವೆ. ತಟ್ಟೆಗೆ ಎಣ್ಣೆ ಸವರಿ ಕೆಳಗೆ ಆರು ಹಾಳೆ, ಪ್ರತಿಯೊಂದಕ್ಕೂ ಎಣ್ಣೆ; ಸೊಪ್ಪು; ಮೇಲೆ ಐದು. ಮೇಲಿನವನ್ನು ನಾನು ಇಸ್ತ್ರಿ ಮಾಡಿದಂತೆ ಹಾಸುತ್ತಿದ್ದಾಗ ಯಾಯಾ ಕೈ ಹಿಡಿದು ತಡೆದರು, ಸುಕ್ಕು ಇರಲಿ, ಗಾಳಿ ಆಡಬೇಕು ಎಂದರು. ಬೇಯುವ ಮೊದಲೇ ಚಾಕುವಿನಿಂದ ತುಂಡುಗಳ ಗೆರೆ ಹಾಕಿ, ಮೇಲೆ ಕೈಯಿಂದ ನೀರು ಚಿಮುಕಿಸಿದೆವು. ಗೆರೆ ಹಬೆಗೆ ದಾರಿ, ನೀರು ಹಾಳೆಯ ಅಂಚು ಸುರುಳಿ ಏಳದಂತೆ. 180 ಡಿಗ್ರಿಯ ಒಲೆಯಲ್ಲಿ, ತಳ ಗಟ್ಟಿಯಾಗಲೆಂದು ಕೆಳಗಿನ ಅಂತಸ್ತಿನಲ್ಲಿ, ಹತ್ತಿರ ಹತ್ತಿರ ಒಂದು ಗಂಟೆ. ತೆಗೆದ ಮೇಲೆ ಮುಚ್ಚಕೂಡದು. ಅರ್ಧ ಗಂಟೆ ಆರಲು ಬಿಡಬೇಕು.

ಅರ್ಧ ಗಂಟೆ ಬಿಡಲಿಲ್ಲ. ಯಾಯಾ ಐದೇ ನಿಮಿಷಕ್ಕೆ ಮೂಲೆಯ ತುಂಡನ್ನು ಕಿತ್ತುಕೊಂಡು, ಊದುತ್ತಾ, ನಿಂತೇ ತಿಂದರು.

ಅವರ ಬೆರಳಿನ ಗೆಣ್ಣುಗಳು ಈ ಚಳಿಗಾಲದಲ್ಲಿ ಇನ್ನಷ್ಟು ಊದಿವೆ. ಸೊಪ್ಪು ಹಿಂಡುವಾಗ ಕೊನೆಯ ಎರಡು ಮುಷ್ಟಿಗಳನ್ನು ಮಾತಿಲ್ಲದೆ ನನ್ನ ಕಡೆಗೆ ಸರಿಸಿದ್ದನ್ನು ನಾನು ಗಮನಿಸದವಳಂತೆ ಇದ್ದೆ. ಅವರ ಮಗ ತಾನಿರುವ ಪಾತ್ರಾ ಪಟ್ಟಣಕ್ಕೆ ಬಂದುಬಿಡು ಎಂದು ಒತ್ತಾಯಿಸುತ್ತಿದ್ದಾನೆ. ಅಲ್ಲಿ ಲಾಪಥಾ ಸಿಗುತ್ತದೆಯೇ ಎಂದು ಅವರು ಅವನನ್ನು ಕೇಳಿದರೆ, ಸೂಪರ್‌ಮಾರ್ಕೆಟ್ಟಿನಲ್ಲಿ ಎಲ್ಲವೂ ಸಿಗುತ್ತದೆ ಎನ್ನುತ್ತಾನಂತೆ.

ಆ ಉದ್ದನೆಯ ಕೋಲು ಈಗಲೂ ಇದೆ. ಬಾಲ್ಕನಿಯ ಕುಂಡದಲ್ಲಿ ನಿಂಬೆ ಗಿಡಕ್ಕೆ ಆಸರೆಯಾಗಿ ನಿಂತಿದೆ, ತುದಿಗೆ ಗಿಡವನ್ನು ಕಟ್ಟಿದ ದಾರ. ಬೇಕಿದ್ದರೆ ತೊಳೆದುಕೋ, ಆದರೆ ಗಿಡಕ್ಕೆ ಬೇರೆ ಕೋಲು ತಂದು ನೆಟ್ಟ ಮೇಲೆ, ಎಂದರು. ಮುಂದಿನ ಶನಿವಾರ ಹಿಟ್ಟನ್ನು ನಾನೇ ನಾದುವುದೆಂದುಕೊಂಡಿದ್ದೇನೆ, ಯಾಯಾ ಕುರ್ಚಿಯಲ್ಲಿ ಕುಳಿತಿರಲಿ. ಕೈಹಾಳೆಗೆ ಸೊಪ್ಪನ್ನು ಇಷ್ಟು ಹಿಂಡಿದರೆ ಒಳಗೆ ಒಣಗಿಹೋಗುತ್ತದೆ, ಹಾಗಾಗಿ ಪಾಲಕ್‌ಗೆ ಉಪ್ಪು ತಿಕ್ಕುವುದನ್ನು ಬಿಡಬೇಕೋ, ಅಥವಾ ರವೆಯನ್ನು ಮಾತ್ರ ಬಿಟ್ಟರೆ ಸಾಕೋ, ಅದನ್ನು ಕೇಳುವುದು ಉಳಿದುಹೋಯಿತು, ಮೇಲೆ ದೀಪ ಆರಿದೆ, ತುರಚಿಯಂತೂ ಇನ್ನೆರಡು ವಾರದಲ್ಲಿ ಬಲಿತುಬಿಡುತ್ತದೆ, ಅಷ್ಟರೊಳಗೆ ಕೇಳಿಬಿಡಬೇಕು.